ಚಪ್ಪಾಳೆ ಹೊಡೆಸ್ಬೇಡಿ ಸರ್

ತುಮಕೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿ.ಟಿ. ಮೇಷ್ಟ್ರು. ಮೊದಲ ನಾಲ್ಕೈದು ವರ್ಷ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಹೋಬಳಿ ಮಟ್ಟದಲ್ಲಿ ಗೆಲ್ಲಬಲ್ಲ ಹತ್ತು ಹನ್ನೆರಡು ಮಕ್ಕಳು ಮಾತ್ರ. ಉಳಿದವರು ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು. ನಾನೂ ಸುಮ್ನೆ ಬಿಟ್ಟುಬಿಡುತ್ತಿದ್ದೆ.

ಒಂದು ದಿನ ಪ್ರಾರ್ಥನೆ ಹೊತ್ತಲ್ಲಿ ಎಂಟನೇ ಕ್ಲಾಸಿನ ಹುಡುಗಿ ಸಾಲಿನಲ್ಲೇ ಕುಕ್ಕರಿಸಿದಳು. ‘ನೆಟ್ಟಗೆ ನಿಲ್ಲೋಕಾಗಲ್ವಾ?’ ಅಂತ ಗದರಿದೆ. ಅವಳು ಎದ್ದು ನಿಂತಳು, ಮರುಕ್ಷಣವೇ ತಲೆ ತಿರುಗಿ ಬಿದ್ದಳು. ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲವಂತೆ. ಆ ಗದರಿದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅವತ್ತಿನಿಂದ ಮೈದಾನದಲ್ಲಿ ನನ್ನ ಮೊದಲ ಪ್ರಶ್ನೆ ‘ತಿಂಡಿ ಆಯ್ತಾ?’ ಅಂತಲೇ. ಖಾಲಿ ಹೊಟ್ಟೆಯಲ್ಲಿ ಬಂದವರನ್ನು ಓಡಿಸಲ್ಲ. ಬಿಸಿಯೂಟ ಮುಗಿದ ಕೂಡಲೇ ಬರುವ ಪೀರಿಯಡ್ಡಿನಲ್ಲೂ ಓಟ ಇಲ್ಲ, ನೆರಳಲ್ಲಿ ಕೂತು ನಿಯಮ ಕಲಿಯುತ್ತೇವೆ.

ಶಾಲಾ ಮಕ್ಕಳಿಗೆ ಕೇಂದ್ರ ಸರ್ಕಾರ ಮಾಡಿಸುವ ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯಲ್ಲಿ 600 ಮೀಟರ್ ಓಟ ಇದೆ. ನಮ್ಮ ಮೈದಾನದಲ್ಲಿ ಅದು 4 ಸುತ್ತು. ಮೈ ಭಾರದ ಹುಡುಗನೊಬ್ಬ ಯಾವಾಗಲೂ ಕೊನೆಗೆ ಬರುತ್ತಿದ್ದ. ಹುರಿದುಂಬಿಸೋಣ ಅಂತ ಎಲ್ಲರ ಕೈಲೂ ಚಪ್ಪಾಳೆ ಹೊಡೆಸುತ್ತಿದ್ದೆ. ಒಂದು ಸಂಜೆ ಅವನೇ ಹತ್ತಿರ ಬಂದು, ತಲೆ ತಗ್ಗಿಸಿಕೊಂಡು, ‘ಚಪ್ಪಾಳೆ ಹೊಡೆಸ್ಬೇಡಿ ಸರ್, ಎಲ್ಲರೂ ನನ್ನನ್ನೇ ನೋಡ್ತಾರೆ’ ಅಂದ. ಎಷ್ಟು ಸರಿ ಅಲ್ವಾ?

ಈಗ ಎಲ್ಲರನ್ನೂ ಒಟ್ಟಿಗೆ ಬಿಡಲ್ಲ. ಹತ್ತು ಜನರ ಗುಂಪು ಮಾಡಿ, 20 ಸೆಕೆಂಡಿಗೊಬ್ಬರಂತೆ ಬಿಡುತ್ತೇನೆ, ಯಾರು ಮೊದಲು ಹೊರಡಬೇಕು ಅನ್ನೋದಕ್ಕೆ ಪ್ರತಿ ಸಲ ಚೀಟಿ ಎತ್ತಿಸುತ್ತೇನೆ, ಹಾಗಾಗಿ ಹಿಂದೆ ಬರುತ್ತಿರುವವನು ನಿಧಾನವೋ ತಡವಾಗಿ ಹೊರಟವನೋ ನೋಡುವವರಿಗೆ ಗೊತ್ತೇ ಆಗಲ್ಲ. ಸ್ಟಾಪ್‌ವಾಚ್ ಒಂದೇ. ಹೊರಟ ಹೊತ್ತನ್ನು ಕಳೆದು ಅವರವರೇ ತಮ್ಮ ಟೈಮು ಬರೆದುಕೊಳ್ಳುತ್ತಾರೆ. ಗಟ್ಟಿಯಾಗಿ ಓದಲ್ಲ. ಹೋದ ಸಲಕ್ಕಿಂತ ಎಷ್ಟು ಇಳಿಯಿತು ಅನ್ನೋದಷ್ಟೇ ನಾನು ನೋಡೋದು.

ಅದೇ ಹುಡುಗನ ಕೈ ಉದ್ದ. ಖೋ ಖೋದಲ್ಲಿ ಅಟ್ಟುವವನು ಒಂದು ದಿಕ್ಕು ಹಿಡಿದರೆ ಕಂಬದ ತನಕ ತಿರುಗುವಂತಿಲ್ಲ. ಕಂಬದ ಪಕ್ಕದ ಚೌಕದಲ್ಲಿ ಕೂತವನು ಓಡಬೇಕಾದದ್ದು ಸುಮಾರು 2.5 ಮೀಟರ್, ಆಮೇಲೆ ಕಂಬ ಹಿಡಿದು, ಎದುರಾಳಿಯನ್ನು ಮುಟ್ಟೋಕೆ ಮೈ ಚಾಚಬೇಕು. ಅವನನ್ನು ಅಲ್ಲೇ ಕೂರಿಸಿದೆ. ಎರಡು ತಿಂಗಳು ಬರೀ ಕಂಬದ ಡೈವ್ ಮಾಡಿಸಿದೆ, ಕೆಳಗೆ ಮರಳು ಹಾಕಿಸಿ. ಮಂಡಿ ತರಚಿಕೊಂಡ, ಬಿಡಲಿಲ್ಲ. ಆ ವರ್ಷ ಶಾಲೆಯ ತಂಡದಲ್ಲಿ ಆ ಜಾಗ ಅವನದೇ ಆಯಿತು.

ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಜಾಸ್ತಿ ತಪ್ಪು ಮಾಡಿದ್ದೇನೆ. ‘ಯಾಕೆ ಆಡಲ್ಲ?’ ಅಂತ ಎಲ್ಲರ ಮುಂದೆ ಕೇಳಿದರೆ ಮುಟ್ಟಾದ ಹುಡುಗಿ ಏನು ಹೇಳಬೇಕು? ನಮ್ಮ ಶಾಲೆಯ ಟೀಚರೊಬ್ಬರು ಕೂರಿಸಿಕೊಂಡು ಹೇಳಿದ ಮೇಲೆ ಒಂದು ಮಾತು ಗೊತ್ತು ಮಾಡಿದೆವು. ‘ಇವತ್ತು ಸ್ಕೋರ್ ಬರೀತೀನಿ ಸರ್’ ಅಂದರೆ ಸಾಕು, ಕಾರಣ ಕೇಳಲ್ಲ. ಹುಡುಗರಿಗೂ ಅದೇ.

ಕಳೆದ ವಾರ, ದಿನಾ ಎಲ್ಲರಿಗಿಂತ ಜೋರಾಗಿ ಓಡುವ ಹುಡುಗ ಬಂದು ಆ ಮಾತು ಹೇಳಿದ. ಪುಸ್ತಕ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡೆ. ಅರ್ಧ ಪೀರಿಯಡ್ ಆದ ಮೇಲೆ ತಾನಾಗಿಯೇ ಮನೆಯ ವಿಷಯ ಶುರು ಮಾಡಿದ.