ಒಡೆಯದ ಸ್ಟಾಲು: ಮೇಳದಿಂದ ಮೇಳಕ್ಕೆ ತಿರುಗಿಸಿದ ನನ್ನ ಅನುಭವ

ಮೇಳ, ಪ್ರದರ್ಶನಗಳಲ್ಲಿ ಸ್ಟಾಲ್ ಕಟ್ಟುವವರಿಗೆಲ್ಲ ಗೊತ್ತಿರೋದೇ. ಶೋ ಮುಗಿದ ರಾತ್ರಿಯೇ ಹಾಲ್ ಖಾಲಿ ಮಾಡಬೇಕು. ಮೊಳೆ ಹೊಡೆದ ಪ್ಲೈವುಡ್ ಬಿಚ್ಚೋಕೆ ಯಾರಿಗೆ ಪುರುಸೊತ್ತು? ಸುತ್ತಿಗೆಯಲ್ಲಿ ಒಡೆದು ಲಾರಿಗೆ ತುಂಬೋದೇ ಪದ್ಧತಿ. ನಾಲ್ಕು ದಿನಕ್ಕೆ ಕಟ್ಟಿದ ಗೋಡೆ, ಅದರ ಮೇಲೆ ಅಂಟಿಸಿದ ವಿನೈಲ್ ಪ್ರಿಂಟ್, ಕೆಳಗಿನ ಕಾರ್ಪೆಟ್, ಎಲ್ಲ ಕಸ. ಒಂದೇ ಸ್ಟಾಲನ್ನು ಬಿಚ್ಚಿ ಜೋಡಿಸಿ ಬಾಡಿಗೆಗೆ ಬಿಡ್ತೀನಿ ಅಂದಾಗ ನಮ್ಮ ಲೈನಿನವರೇ ನಕ್ಕರು. "ಹಳೇ ಮಾಲಿಗೆ ಯಾವ ಪಾರ್ಟಿ ದುಡ್ಡು ಕೊಡ್ತಾನೆ ಸ್ವಾಮಿ?" ಕೊಡ್ತಾರೆ. ಈಗ ಮೂರನೇ ವರ್ಷ.

ನನ್ನ ಪಾರ್ಟಿ, ಅಂದರೆ ಸ್ಟಾಲ್ ಹಾಕಿಸುವ ಗಿರಾಕಿ, ಪಂಪ್‌ಸೆಟ್ಟಿನವರು. ಧಾರವಾಡದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯದ ಆವರಣ) ಮೇಳ ನವೆಂಬರಿನಲ್ಲಿ. ಅದರ ಮಧ್ಯೆ, ಆಮೇಲೆ, ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರ ಬಿಐಇಸಿಯಲ್ಲೋ ಕೊಯಮತ್ತೂರಿನಲ್ಲೋ ಇನ್ನೊಂದೆರಡು. ಹೀಗೆ ಸಾಲಾಗಿ ಮೇಳ ಮಾಡೋ ಪಾರ್ಟಿ ಸಿಕ್ಕರೆ ಮಾತ್ರ ಈ ಲೆಕ್ಕ ಕೂರುತ್ತೆ. ವರ್ಷಕ್ಕೊಂದೇ ಶೋ ಮಾಡುವವರ ಹತ್ತಿರ ಸುಮ್ನೆ ಬಾಯಿ ನೋಯಿಸಿಕೊಳ್ಳಬೇಡಿ.

ಜಾಸ್ತಿ ತಲೆ ತಿಂದಿದ್ದು ಪ್ಯಾನಲ್ ಜೋಡಿಸುವ ಜಾಯಿಂಟು. ರೆಡಿಮೇಡ್ ವಾರ್ಡ್‌ರೋಬಿಗೆ ಹಾಕುವ, ತಿರುಗಿಸಿದರೆ ಬಿಗಿಯಾಗುವ ಕ್ಯಾಮ್ ಲಾಕ್ ಹಾಕಿ ನೋಡಿದೆ. ನಾಲ್ಕೈದು ಸಲ ಬಿಚ್ಚುವಷ್ಟರಲ್ಲಿ ಬೋರ್ಡಿನ ತೂತು ಅಗಲವಾಗಿ ಗೋಡೆ ಅಲ್ಲಾಡತೊಡಗಿತು. ಕಬ್ಬಿಣದ ಚೌಕ ಪೈಪಿನ ಫ್ರೇಮ್ ಮಾಡಿಸಿದೆ. ಗಟ್ಟಿ ಅಂದ್ರೆ ಗಟ್ಟಿ, ಆದರೆ ಒಂದು ಪ್ಯಾನಲ್ ಎತ್ತೋಕೆ ಮೂರು ಜನ ಬೇಕು. ಲೇಬರ್ ಮತ್ತು ಲಾರಿ ಬಾಡಿಗೆಯಲ್ಲೇ ಲಾಭ ಹೋಯ್ತು. ಕೊನೆಗೆ ಕೋವಿಡ್ ಸಮಯದಲ್ಲಿ ಅಂಗಡಿ ಮುಚ್ಚಿದವರೊಬ್ಬರಿಂದ ಹಳೇ ಅಲ್ಯುಮಿನಿಯಂ ಸೆಕ್ಷನ್ (ಫ್ರೇಮಿನ ಪಟ್ಟಿ) ತೂಕದ ಲೆಕ್ಕದಲ್ಲಿ ತಗೊಂಡೆ. ಒಂದು ಮೀಟರ್ ಅಗಲದ ಪ್ಯಾನಲ್, ಎಲ್ಲವೂ ಒಂದೇ ಅಳತೆ. ಮೂರು ಬೈ ಮೂರು ಮೀಟರಿನ ಜಾಗವಾದರೂ ಸರಿ, ಮೂಲೆಯ ಸ್ಟಾಲಾದರೂ ಸರಿ, ಅವವೇ ಪ್ಯಾನಲ್ ತಿರುಗಿಸಿ ಹಾಕ್ತೀವಿ. ಇಬ್ಬರೇ ಎತ್ತುತ್ತಾರೆ. ನಮ್ಮ ಬಡಗಿಗಳು ಮೊದಲು ಮುನಿಸಿಕೊಂಡರು. ಮೊಳೆ ಹೊಡೆಯದ ಕೆಲಸವೂ ಒಂದು ಕೆಲಸವಾ ಅಂತ! ಈಗ ರಾತ್ರಿ ಎರಡು ಗಂಟೆಗೆ ಮುಗೀತಿದ್ದ ಕೆಲಸ ಹನ್ನೊಂದಕ್ಕೆ ಮುಗಿಯುತ್ತೆ, ಖುಷಿಯಾಗಿದ್ದಾರೆ.

ವಿನೈಲ್ ಬದಲು, ಅಂಚಿನ ಸಿಲಿಕೋನ್ ಬೀಡಿಂಗ್ ಫ್ರೇಮಿನ ಸೀಳಿನಲ್ಲಿ ಕೂರುವಂಥ ಪಾಲಿಯೆಸ್ಟರ್ ಬಟ್ಟೆ ಪ್ರಿಂಟು. ಮಡಚಿಟ್ಟರೆ ಗೆರೆ ಬಿತ್ತು. ಪೈಪಿಗೆ ಸುತ್ತಿಟ್ಟರೆ ಬೀಳಲ್ಲ. ಧಾರವಾಡದಲ್ಲಿ ಮಳೆ ಬಂದು, ಓಡಾಡುವವರ ಕಾಲಿನ ಕೆಸರು ಸಿಡಿದು, ಬಟ್ಟೆಯ ಕೆಳಗಿನ ಭಾಗ ಪೂರ್ತಿ ಕರಿ ಮಣ್ಣು. ಎಷ್ಟು ಒಗೆದರೂ ಹೋಗಲಿಲ್ಲ. ಅವತ್ತಿನಿಂದ ನೆಲದಿಂದ ಒಂದೂವರೆ ಅಡಿ ಪ್ರಿಂಟೇ ಇಲ್ಲ. ಕಡು ಬಣ್ಣದ, ಒರೆಸಿದರೆ ಹೋಗುವ ಪಟ್ಟಿ ಬೇರೆ. ಬಟ್ಟೆ ಮೂಲೆಯಲ್ಲಿ ಸುಕ್ಕಿಲ್ಲದೆ ಬಿಗಿಯಾಗಿ ಕೂರೋಕೆ ನಾನೊಂದು ಉಪಾಯ ಮಾಡ್ತೀನಿ. ಅದನ್ನು ಇಲ್ಲಿ ಬರೆಯಲ್ಲ, ಬೇಜಾರು ಮಾಡ್ಕೋಬೇಡಿ.

ಪಾಲಿಯೆಸ್ಟರ್ ಯಾಕೆ, ಖಾದಿ ಯಾಕಲ್ಲ ಅಂತ ಹುಬ್ಬಳ್ಳಿ ಕಡೆಯಿಂದ ಬಟ್ಟೆ ತರಿಸಿ ಸ್ಕ್ರೀನ್ ಪ್ರಿಂಟ್ ಮಾಡಿಸಿದೆ. ನೋಡೋಕೆ ಏನು ಚೆಂದ! ಆದರೆ ನವೆಂಬರಿನ ಬೆಳಗಿನ ಇಬ್ಬನಿಗೆ ಜೋಲು ಬೀಳುತ್ತೆ, ಮಧ್ಯಾಹ್ನದ ಬಿಸಿಲಿಗೆ ಸೆಟೆದುಕೊಳ್ಳುತ್ತೆ. ಈಗ ಕೌಂಟರ್ ಮುಂದೆ ಮಾತ್ರ ಖಾದಿ. ಕಾರ್ಪೆಟ್ ಬದಲು ತೆಂಗಿನ ನಾರಿನ ಚಾಪೆಯೂ ಆಯ್ತು. ನೀರು ಬಿದ್ದರೆ ವಾಸನೆ, ಪಂಪು ತಳ್ಳಿಕೊಂಡು ಬಂದರೆ ಟ್ರಾಲಿ ಚಕ್ರ ಸಿಕ್ಕಿಕೊಳ್ಳುತ್ತೆ. ಎತ್ತರಿಸಿದ ಪ್ಲೈ ನೆಲವೇ ವಾಸಿ, ಅದೂ ಮುಂದಿನ ಮೇಳಕ್ಕೆ ತಿರುಗಿ ಬರುತ್ತೆ. ಬೀಜ ಅಂಟಿಸಿದ ಕಾಗದದಲ್ಲಿ ಕರಪತ್ರ ಮಾಡಿಸಿದ್ದಂತೂ ಕೇಳಲೇಬೇಡಿ. "ನಮ್ಗೇ ಬೀಜ ಬಿತ್ತೋದು ಕಲಿಸ್ತೀರೇನ್ರಿ?" ಅಂತ ರೈತರು ನಕ್ಕರು. ಹಳೇ ಪ್ರಿಂಟ್ ಬಟ್ಟೆಯಿಂದ ಹೊಲಿಸಿದ ಕೈಚೀಲ ಮಾತ್ರ ಮಧ್ಯಾಹ್ನದೊಳಗೆ ಖಾಲಿ. ಮೇಳದ ತುಂಬ ಜನ ಅದನ್ನೇ ಹಿಡ್ಕೊಂಡು ಓಡಾಡಿದರು. ಪುಕ್ಕಟೆ ಪ್ರಚಾರ.

ಫ್ಲೆಕ್ಸ್ ವಿಷಯಕ್ಕೆ ದೊಡ್ಡ ಜಗಳವೇ ಆಯ್ತು. ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ. ಪಾರ್ಟಿಯ ಮಾರ್ಕೆಟಿಂಗ್ ಹುಡುಗ ಕೇಂದ್ರದ ನಿಯಮ ಹಿಡಿದು ಕೂತ. 2022ರ ಜುಲೈ 1ರಿಂದ ನಿಂತಿದ್ದು 100 ಮೈಕ್ರಾನಿಗಿಂತ ತೆಳು ಪಿವಿಸಿ ಬ್ಯಾನರ್ ಮಾತ್ರ, ನಮ್ಮದು ದಪ್ಪ ಅಂತ. ಜೊತೆಗೆ, ಫ್ಲೆಕ್ಸ್ ಎಲ್ಲಿ ಕಸವಾಗುತ್ತೆ, ಕೊನೇ ದಿನ ರೈತರೇ ಬಣವೆಗೆ ಹೊದಿಸೋಕೆ ಒಯ್ತಾರಲ್ಲ ಅಂದ. ಅದೂ ನಿಜವೇ. ಆದರೆ ಬಿಸಿಲಿಗೆ ಪುಡಿಯಾಗಿ ಕೊನೆಗೆ ಅದು ಸೇರೋದು ಹೊಲಕ್ಕೇ ಅಲ್ವಾ? ಮುಖ್ಯ ಬೋರ್ಡನ್ನು ಮರದ ಹಲಗೆ ಮೇಲೆ ಪೇಂಟರ್ ಕೈಲಿ ಬರೆಸಿ ನಿಲ್ಲಿಸಿದೆ. ಜನ ಅದರ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ಹುಡುಗ ಸುಮ್ಮನಾದ.

ದುಡ್ಡಿನ ಮಾತು. ಇಂಥದೊಂದು ಸ್ಟಾಲ್ ಮಾಮೂಲಿಯಾಗಿ ಮೂರು ಲಕ್ಷದ ಆಸುಪಾಸು. ನನಗೆ ಮೊದಲ ಸಲ ಐದರ ಹತ್ತಿರ ಬಿತ್ತು. ಶೋಗೆ ಒಂದು ಲಕ್ಷ ಎಂಬತ್ತು ಸಾವಿರ ಬಾಡಿಗೆ, ಹೊಸ ಪ್ರಿಂಟ್ ಖರ್ಚು ಪಾರ್ಟಿಯದೇ. ಲಾರಿ, ಲೇಬರ್ ಕಳೆದು ಲಕ್ಷದ ಮೇಲೆ ಸ್ವಲ್ಪ ಉಳಿಯುತ್ತೆ. ಐದನೇ ಶೋ ಹೊತ್ತಿಗೆ ಅಸಲು ಬಂತು. ಬಿಐಇಸಿಯಂಥ ಕಡೆ ಕರೆಂಟಿಗೆ ಕಿಲೋವ್ಯಾಟ್ ಲೆಕ್ಕದಲ್ಲಿ ಮೊದಲೇ ಕಟ್ಟಬೇಕು. 150 ವ್ಯಾಟಿನ ಮೆಟಲ್ ಹಾಲೈಡ್ ದೀಪ ತೆಗೆದು ಎಲ್‌ಇಡಿ ಹಾಕಿದ್ದಕ್ಕೆ ಅಲ್ಲೂ ಪಾರ್ಟಿಗೆ ಉಳಿತಾಯ ತೋರಿಸಿದೆ. ಪರಿಸರ ಅಂದರೆ ಆಕಳಿಸುತ್ತಿದ್ದ ಅಕೌಂಟ್ಸಿನವರು ಇದಕ್ಕೆ ಮಾತ್ರ ಕಣ್ಣು ಬಿಟ್ಟರು.

ಸ್ಟಾಲಿನ ಮಾಲನ್ನು ಪಾರ್ಟಿಗೆ ಮಾರಬೇಡಿ. ಮಾರಿದರೆ ಅವರ ಗೋಡೌನಿನಲ್ಲಿ ಕೊಳೆತು, ಮುಂದಿನ ವರ್ಷ ಮತ್ತೆ ಹೊಸದಕ್ಕೆ ಟೆಂಡರ್ ಕರೀತಾರೆ. ಗೋಡೌನ್ ಬಾಡಿಗೆ ನಮ್ಮ ತಲೆಗೆ ಬಂದರೂ ಪರವಾಗಿಲ್ಲ. ನಾನು ಪೀಣ್ಯದಲ್ಲಿ ಒಂದು ಶೆಡ್ಡನ್ನು ಶಾಮಿಯಾನದವರ ಜೊತೆ ಹಂಚಿಕೊಂಡಿದ್ದೀನಿ. ಬಟ್ಟೆಯನ್ನು ಮಾತ್ರ ಕಬ್ಬಿಣದ ಟ್ರಂಕಿನಲ್ಲಿಡಿ, ಅಲ್ಲಿ ಇಲಿ ಕಾಟ ಜಾಸ್ತಿ.