ಗಂಡುಸೊಳ್ಳೆ ಬಿಟ್ಟು ಡೆಂಗಿ ಸೊಳ್ಳೆಯನ್ನು ತಗ್ಗಿಸುವುದು ಹೇಗೆ?

ಸೊಳ್ಳೆ ಕಡಿಮೆ ಮಾಡಲು ಊರಿಗೆ ಇನ್ನಷ್ಟು ಸೊಳ್ಳೆ ಬಿಡುತ್ತೇವೆ ಎಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಸಿಂಗಪುರದ ವಸತಿ ಬಡಾವಣೆಗಳಲ್ಲಿ 2016ರಿಂದ ನಡೆದಿರುವುದು ಇದೇ. ಅಲ್ಲಿ ಬಿಡುವುದು ಗಂಡುಗಳನ್ನು. ಗಂಡುಸೊಳ್ಳೆ ಕಚ್ಚುವುದಿಲ್ಲ, ಮಕರಂದ ಹೀರಿ ಬದುಕುತ್ತದೆ. ಡೆಂಗಿ ಹರಡುವ ಈಡಿಸ್ ಜಾತಿಯ ಹೆಣ್ಣುಸೊಳ್ಳೆ ಸಾಮಾನ್ಯವಾಗಿ ಒಮ್ಮೆ ಕೂಡಿ, ಆ ವೀರ್ಯವನ್ನೇ ಕಾಪಿಟ್ಟುಕೊಂಡು ಬದುಕಿಡೀ ಮೊಟ್ಟೆಯಿಡುತ್ತದೆ. ಅದು ಕೂಡಿದ್ದು ಸಂತಾನಶಕ್ತಿ ಕಳೆದ ಗಂಡಿನೊಂದಿಗಾದರೆ ಮೊಟ್ಟೆ ಒಡೆಯುವುದೇ ಇಲ್ಲ.

ಕೆಲಸ ಶುರುವಾಗಬೇಕಾದದ್ದು ಜನರ ಮನೆಬಾಗಿಲಲ್ಲಿ, ಬಿಡುವ ಸೊಳ್ಳೆಗಳು ಕಚ್ಚುವುದಿಲ್ಲ ಎಂದು ತಿಳಿಸಿ ಒಪ್ಪಿಸುವುದರಿಂದ. ಇದನ್ನು ನಾವು ಭಾರತೀಯರು ಮರೆಯಬಾರದು. 1970ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ದೆಹಲಿಯಲ್ಲಿ ಇಂಥ ಪ್ರಯೋಗಕ್ಕೆ ಇಳಿದಿದ್ದವು. ಹರಿಯಾಣದ ಸೋನಿಪತ್‌ನಲ್ಲಿ ಈಡಿಸ್ ಬಿಡುವ ಸಿದ್ಧತೆ ನಡೆದಿತ್ತು. ಜೈವಿಕ ಯುದ್ಧದ ಹುನ್ನಾರವಿರಬಹುದೆಂಬ ಅನುಮಾನ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಎದ್ದು, 1975ರಲ್ಲಿ ಎಲ್ಲ ನಿಂತುಹೋಯಿತು.

ಸಾಕಣೆ ಕಷ್ಟವಲ್ಲ. ಒದ್ದೆ ಕಾಗದದ ಮೇಲೆ ಇಡಿಸಿದ ಮೊಟ್ಟೆಗಳನ್ನು ಒಣಗಿಸಿಟ್ಟು, ಬೇಕಾದಾಗ ನೀರಿಗೆ ಹಾಕುತ್ತಾರೆ. ಬೆಚ್ಚಗಿನ ತಟ್ಟೆಗಳಲ್ಲಿ ಮೇವು ತಿಂದ ಲಾರ್ವಾಗಳು ಸುಮಾರು ಒಂದು ವಾರದಲ್ಲಿ ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಕೋಶಗಳಾಗುತ್ತವೆ (ಪ್ಯೂಪಾ, ರೆಕ್ಕೆ ಬರುವ ಮುಂಚಿನ ಹಂತ).

ಇಲ್ಲಿಂದ ಮುಂದೆ ಕೈ ತಪ್ಪುವಂತಿಲ್ಲ. ಗಂಡು ಕೋಶ ಹೆಣ್ಣಿಗಿಂತ ಸಣ್ಣದು. ಹಳೆಯ ಉಪಾಯವೊಂದಿದೆ: ಎರಡು ಗಾಜಿನ ಹಲಗೆಗಳನ್ನು ಮೇಲೆ ಅಗಲ, ಕೆಳಗೆ ಕಿರಿದಾಗುವಂತೆ ಓರೆಯಾಗಿ ನಿಲ್ಲಿಸಿ, ನಡುವೆ ಕೋಶಗಳನ್ನು ನೀರಿನೊಂದಿಗೆ ಸುರಿಯುತ್ತಾರೆ. ದಪ್ಪ ಹೆಣ್ಣುಗಳು ಮೇಲೆಯೇ ಸಿಕ್ಕಿಕೊಳ್ಳುತ್ತವೆ, ಸಣ್ಣ ಗಂಡುಗಳು ಕೆಳಕ್ಕೆ ಜಾರುತ್ತವೆ. ಎರಡೂ ಬೇರೆ ಬೇರೆ ಪಟ್ಟಿಗಳಾಗಿ ಕಾಣುತ್ತವೆ. ರೆಕ್ಕೆ ಬಂದ ಮೇಲೂ ಪರೀಕ್ಷಿಸಬಹುದು, ಏಕೆಂದರೆ ಗಂಡಿನ ಮೀಸೆ ಗರಿಯಂತೆ ಪೊದೆಪೊದೆಯಾಗಿರುತ್ತದೆ. ಸಿಂಗಪುರದಲ್ಲಿ ಈ ಕೆಲಸಕ್ಕೆ ಯಂತ್ರಗಳಿವೆ. ಇಷ್ಟು ಎಚ್ಚರ ಏಕೆಂದರೆ, ‘ಇವು ಕಚ್ಚುವುದಿಲ್ಲ’ ಎಂದು ಬಾಗಿಲಲ್ಲಿ ನಿಂತು ಕೊಟ್ಟ ಮಾತು ಉಳಿಯುವುದೂ ಅಳಿಯುವುದೂ ಈ ಹಂತದಲ್ಲಿ.

ಸಂತಾನಶಕ್ತಿ ಕಳೆಯಲು ಎರಡು ದಾರಿ. ಕೋಶ ಬಲಿತ ಮೇಲೆ, ಸೊಳ್ಳೆ ಹೊರಬರುವ ಹೊತ್ತಿಗೆ, ಗಾಮಾ ಕಿರಣ ಅಥವಾ ಎಕ್ಸ್–ರೇ ಹಾಯಿಸುವುದು ಒಂದು. ಕಿರಣ ಹೆಚ್ಚಾದರೆ ಗಂಡು ಸೊರಗಿ ಊರಿನ ಸಹಜ ಗಂಡುಸೊಳ್ಳೆಗಳೆದುರು ಸೋಲುತ್ತದೆ, ಕಡಿಮೆಯಾದರೆ ಮರಿ ಹುಟ್ಟುತ್ತವೆ. ಸಿಂಗಪುರದ ದಾರಿ ಇನ್ನೊಂದು. ಅಲ್ಲಿನ ಗಂಡುಗಳಲ್ಲಿ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಇರುತ್ತದೆ. ಅದಿಲ್ಲದ ಹೆಣ್ಣಿನೊಂದಿಗೆ ಕೂಡಿದರೆ ಮೊಟ್ಟೆ ಸತ್ತುಹೋಗುತ್ತದೆ. ಆದರೆ ವೊಲ್ಬಾಕಿಯಾ ಇರುವ ಹೆಣ್ಣುಗಳು ನುಸುಳಿ ನೆಲೆಯೂರಿದರೆ ಅವುಗಳ ಮೊಟ್ಟೆ ಚೆನ್ನಾಗಿಯೇ ಒಡೆದು, ಇಡೀ ಶ್ರಮ ನೀರುಪಾಲಾಗುತ್ತದೆ. ಅದಕ್ಕಾಗಿ ನುಸುಳಿದ ಹೆಣ್ಣೂ ಬಂಜೆಯಾಗಲೆಂದು ಕೋಶಗಳಿಗೆ ಅಲ್ಪ ಪ್ರಮಾಣದ ಎಕ್ಸ್–ರೇ ಹಾಯಿಸುತ್ತಾರೆ.

ಬಿಡುಗಡೆ ಒಂದು ದಿನದ ಉತ್ಸವವಲ್ಲ. ಗಂಡುಗಳ ಆಯುಸ್ಸು ಅಲ್ಪ, ಆದ್ದರಿಂದ ವಾರವಾರವೂ, ತಿಂಗಳುಗಟ್ಟಲೆ, ಊರಿನ ಗಂಡುಗಳಿಗಿಂತ ಹಲವು ಪಟ್ಟು ಹೆಚ್ಚು ಬಿಡಬೇಕು. ಜೊತೆಗೆ ಅಲ್ಲಲ್ಲಿ ನೀರಿನ ಡಬ್ಬಿಗಳನ್ನಿಟ್ಟು, ಬಿದ್ದ ಮೊಟ್ಟೆಗಳಲ್ಲಿ ಎಷ್ಟು ಒಡೆದವು ಎಂದು ಎಣಿಸಬೇಕು. ಸಿಂಗಪುರದ ಪ್ರಯೋಗ ಪ್ರದೇಶಗಳಲ್ಲಿ ಈಡಿಸ್ ಈಜಿಪ್ಟಿ ಶೇ 80ಕ್ಕೂ ಹೆಚ್ಚು ತಗ್ಗಿದೆ.

ಅಲ್ಲಿಯೂ ನಿಂತ ನೀರು ಚೆಲ್ಲುವ ಕೆಲಸ ನಿಂತಿಲ್ಲ. ಎಷ್ಟೇ ಗಂಡು ಬಿಟ್ಟರೂ ಈಗಾಗಲೇ ತೊಟ್ಟಿಯ ಒಳಗೋಡೆಗೆ ಅಂಟಿದ ಮೊಟ್ಟೆಗಳಿಗೆ ಏನೂ ಆಗುವುದಿಲ್ಲ. ಅವು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತವೆ. ಡ್ರಮ್ಮಿನ ನೀರು ಚೆಲ್ಲಿದ ಮೇಲೆ ನೀರಿನ ಗೆರೆಯ ಸುತ್ತ ತೆಂಗಿನ ನಾರಿನಿಂದ ಗಟ್ಟಿಯಾಗಿ ಉಜ್ಜಿ ತೊಳೆಯಿರಿ.