ಬೊಲೊನ್ಯಾದಲ್ಲಿ ನೆಲ ನೋಡಿಕೊಂಡು ನಡೆದ ಮೂರು ದಿನ

ನಮ್ಮದು ದಾವಣಗೆರೆಯಲ್ಲಿ ಟೈಲ್ಸ್ ಅಂಗಡಿ. ಇಟಲಿಯ ಬೊಲೊನ್ಯಾದಲ್ಲಿ ಪ್ರತಿ ಸೆಪ್ಟೆಂಬರ್ ಕೊನೆಗೆ ಚೆರ್ಸಾಯೆ ಅನ್ನುವ ದೊಡ್ಡ ಟೈಲ್ಸ್ ಮೇಳ ನಡೆಯುತ್ತದೆ. ಹುಬ್ಬಳ್ಳಿಯ ಡೀಲರ್ ಗೆಳೆಯರೊಬ್ಬರು "ಬರ್ರಿ, ಒಮ್ಮೆ ನೋಡ್ಕೊಂಡು ಬರೋಣು" ಅಂದರು. ಹೊರಟೆ. ಮೇಳ ಮುಗಿದ ಮೇಲೆ ಇಬ್ಬರೂ ಮೂರು ದಿನ ಉಳಿದು, ಊರನ್ನು ನಡೆದೇ ನೋಡಿದೆವು. ಮಳೆಗಾಲ ಶುರುವಾಗಿರುತ್ತದೆ ಅಂತ ಮನೆಯವರು ಹೊಸ ಛತ್ರಿ ಕೊಡಿಸಿದ್ದರು. ಶೂ ಕೂಡ ಹೊಸದು. ಶೂ ಮಾತ್ರ ದೊಡ್ಡ ತಪ್ಪಾಯಿತು. ಮೊದಲ ದಿನವೇ ಹಿಮ್ಮಡಿ ಕಚ್ಚಿ, ಔಷಧಿ ಅಂಗಡಿ ಹುಡುಕಿ ಪಟ್ಟಿ ಹಚ್ಚಿಕೊಂಡೆ. ನಡೆದು ನೋಡುವ ಆಸೆ ಇದ್ದವರು ಹಳೇ ಶೂ ಹಾಕಿಕೊಂಡು ಹೋಗಿ.

ಮೊದಲು ಹೋದದ್ದು ಊರ ಮಧ್ಯದ ಎರಡು ಗೋಪುರಗಳ ಹತ್ತಿರ. ಅಸಿನೆಲ್ಲಿ ಗೋಪುರ 97 ಮೀಟರ್ ಎತ್ತರ, 498 ಮೆಟ್ಟಿಲು. ಪಕ್ಕದ ಗರಿಸೆಂಡಾ 48 ಮೀಟರ್. ಅದು ಎಷ್ಟು ವಾಲಿದೆ ಅಂದರೆ, ಬಿದ್ದೀತು ಅಂತ 14ನೇ ಶತಮಾನದಲ್ಲೇ ಮೇಲಿನ ಭಾಗ ಇಳಿಸಿದ್ದರು. 2023ರ ಅಕ್ಟೋಬರಿನಲ್ಲಿ ಮತ್ತೆ ಅಪಾಯ ಕಂಡು ಸುತ್ತ ಬೇಲಿ ಹಾಕಿದರು. ನಾವು ಹೋದಾಗ ಎರಡನ್ನೂ ಹತ್ತುವ ಹಾಗಿರಲಿಲ್ಲ. ಡಿಗ್ರಿ ಮುಗಿಸುವ ಮುಂಚೆ ಅಸಿನೆಲ್ಲಿ ಹತ್ತಿದರೆ ಡಿಗ್ರಿ ಸಿಗಲ್ಲ ಅನ್ನೋದು ಅಲ್ಲಿನ ವಿದ್ಯಾರ್ಥಿಗಳ ನಂಬಿಕೆ. ಸದ್ಯಕ್ಕೆ ಎಲ್ಲರೂ ಪಾಸು.

ಮೇಲಿಂದ ನೋಡುವ ಆಸೆ ಹೋಯಿತು. ಹಾಗಾಗಿ ಕಣ್ಣು ಕೆಳಕ್ಕೆ ಬಂತು. ನನ್ನ ಕಸುಬೂ ಅದೇ ಅಲ್ವಾ, ನೆಲ ನೋಡೋದು.

ನಮ್ಮಲ್ಲಿ ಪೋರ್ಟಿಕೋ ಅಂದರೆ ಮನೆ ಮುಂದೆ ಕಾರು ನಿಲ್ಲಿಸುವ ಜಾಗ. ಬೊಲೊನ್ಯಾದ ಪೋರ್ಟಿಕೋ ಬೇರೆ. ರಸ್ತೆಯ ಉದ್ದಕ್ಕೂ ಮನೆಗಳ ಮುಂದೆ ಕಂಬ, ಕಮಾನು, ಮೇಲೆ ಮನೆಯ ಮಹಡಿ, ಕೆಳಗೆ ಜನ ಓಡಾಡುವ ದಾರಿ. ದೇವಸ್ಥಾನದ ಪ್ರಾಕಾರದ ಕೈಸಾಲೆಯನ್ನು ಬೀದಿ ಬೀದಿಗೆ ಎಳೆದ ಹಾಗೆ. ಇಡೀ ಊರಿನಲ್ಲಿ ಇವು 62 ಕಿಲೋಮೀಟರ್ ಉದ್ದ ಇವೆ. 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು.

ಇದು ಯಾರೋ ರಾಜ ಕೂತು ಯೋಚಿಸಿ ಕಟ್ಟಿಸಿದ್ದಲ್ಲ. 1088ರಲ್ಲಿ ಶುರುವಾಯಿತು ಅನ್ನುವ ವಿಶ್ವವಿದ್ಯಾಲಯ ಇಲ್ಲಿದೆ. ಎಲ್ಲೆಲ್ಲಿಂದಲೋ ಹುಡುಗರು ಓದಲು ಬಂದರು, ಕಸುಬಿನವರು ಬಂದರು, ಮನೆ ಸಾಲಲಿಲ್ಲ. ಮಾಲೀಕರು ಮೇಲಿನ ಮಹಡಿಯನ್ನು ರಸ್ತೆ ಕಡೆಗೆ ಚಾಚಿದರು. ಬಾಡಿಗೆಗೆ ಒಂದು ಕೋಣೆ ಜಾಸ್ತಿ ಆಯಿತು. ಚಾಚಿದ್ದು ಭಾರವಾದಾಗ ಕೆಳಗೆ ಮರದ ಕಂಬ ಕೊಟ್ಟರು. ನಮ್ಮಲ್ಲಿ ಹೀಗೆ ಮಾಡಿದರೆ ನಗರಸಭೆ ನೋಟಿಸು ಕೊಡುತ್ತದೆ. ಅಲ್ಲಿ ಉಲ್ಟಾ ಆಯಿತು. 1288ರಲ್ಲಿ ಹೊಸ ಮನೆ ಕಟ್ಟುವವರು ಪೋರ್ಟಿಕೋ ಬಿಡಲೇಬೇಕು ಅಂತ ಕಾನೂನು ಬಂತು. ಎತ್ತರ ಕಡೇ ಪಕ್ಷ 2.66 ಮೀಟರ್ ಇರಬೇಕು, ಕುದುರೆ ಮೇಲೆ ಕೂತವನು ಹಾಯ್ದು ಹೋಗುವಷ್ಟು. ಜಾಗ ಮನೆಯವರದ್ದು, ರಿಪೇರಿಯೂ ಅವರದ್ದೇ, ಓಡಾಟ ಮಾತ್ರ ಊರಿನವರದ್ದು. 1568ರಲ್ಲಿ ಮರದ ಕಂಬ ತೆಗೆದು ಇಟ್ಟಿಗೆ, ಕಲ್ಲಿನದು ಹಾಕಿ ಅಂತ ಇನ್ನೊಂದು ಆಜ್ಞೆಯಾಯಿತು.

ರಿಪೇರಿ ಮನೆಯವರದ್ದು ಅನ್ನೋದು ನೆಲದಲ್ಲಿ ಕಾಣುತ್ತದೆ. ಒಂದು ಮನೆ ಮುಂದೆ ಮೊಸಾಯಿಕ್. ಹೌದು, ನಮ್ಮ ಅಪ್ಪನ ಕಾಲದ ಮನೆಗಳಲ್ಲಿದ್ದ, ಕಲ್ಲಿನ ಚಿಪ್ಸ್ ಸುರಿದು ಮೆಷಿನ್ನಿನಲ್ಲಿ ಉಜ್ಜಿ ಹೊಳಪು ತರಿಸುವ ಮೊಸಾಯಿಕ್ಕೇ. ಅವರು ತೆರ್ರಾತ್ಸೊ ಅಂತಾರೆ. ಮುಂದಿನ ಮನೆಗೆ ಹೋದರೆ ಕಲ್ಲುಚಪ್ಪಡಿ. ಆಮೇಲೆ ಇಟ್ಟಿಗೆ. ಆಮೇಲೆ ಮತ್ತೆ ಮೊಸಾಯಿಕ್, ಆದರೆ ಚಿಪ್ಸ್ ಬೇರೆ, ಬಾರ್ಡರ್ ಬೇರೆ. ಬಾರ್ಡರ್ ಮುಗಿದಲ್ಲಿ ಒಬ್ಬರ ಆಸ್ತಿ ಮುಗಿಯಿತು ಅಂತ ಲೆಕ್ಕ. ಎರಡನೇ ದಿನ ಬೆಳಿಗ್ಗೆ ಒಬ್ಬ ಅಜ್ಜ ತಮ್ಮ ಅಂಗಡಿ ಮುಂದೆ ಒರೆಸುತ್ತಿದ್ದರು. ಮಾಪ್ ಬಾರ್ಡರಿನ ತನಕ ಬಂತು, ಅಲ್ಲೇ ತಿರುಗಿತು. ಪಕ್ಕದ ಮನೆ ನೆಲಕ್ಕೆ ಒಂದು ಗೇಣೂ ದಾಟಲಿಲ್ಲ. ಈ ಕಡೆ ಒದ್ದೆ, ಆ ಕಡೆ ಧೂಳು. ನಾನು ನಿಂತು ಫೋಟೋ ತೆಗೆದೆ. ಅಜ್ಜನಿಗೆ ನಾನು ಯಾಕೆ ತೆಗೆದೆ ಅಂತ ಅರ್ಥವಾಗಲಿಲ್ಲ ಅನಿಸುತ್ತದೆ.

ನಡೆಯುವ ರೀತಿ ಬಗ್ಗೆ ಒಂದು ಮಾತು. ಪೋರ್ಟಿಕೋ ಒಳಗೆ ನಡೆದರೆ ನೀವಿರುವ ಕಟ್ಟಡ ನಿಮಗೆ ಕಾಣುವುದಿಲ್ಲ, ಎದುರಿನದ್ದು ಕಾಣುತ್ತದೆ. ಇದು ತಲೆಗೆ ಹೋಗಲು ನಮಗೆ ಅರ್ಧ ದಿನ ಬೇಕಾಯಿತು. ಆಮೇಲೆ ಪ್ರತಿ ಬೀದಿಯನ್ನೂ ಎರಡು ಸಲ ನಡೆದೆವು. ಹೋಗುವಾಗ ಒಂದು ಕಡೆಯ ಸಾಲು, ಬರುವಾಗ ಎದುರಿನ ಸಾಲು. ಸ್ತ್ರಾದಾ ಮಜೋರೆ ಬೀದಿಯಲ್ಲಿ ಈಗಲೂ ಮರದ ಕಂಬಗಳ ಮೇಲೆ ನಿಂತಿರುವ ಕಾಸಾ ಇಸೊಲಾನಿ ಅನ್ನುವ 13ನೇ ಶತಮಾನದ ಮನೆ ಇದೆ. ಓಕ್ ಮರದ, ಸುಮಾರು 9 ಮೀಟರ್ ಎತ್ತರದ ಕಂಬಗಳು, ಮೇಲೆ ತೊಲೆ, ಜಂತೆ. ನಮ್ಮ ಹಳೇ ತೊಟ್ಟಿಮನೆಯ ಕಂಬಗಳನ್ನು ಮೂರು ಪಟ್ಟು ಎಳೆದ ಹಾಗೆ. ಜಂತೆಗಳ ನಡುವೆ ಮೂರು ಬಾಣ ಸಿಕ್ಕಿಕೊಂಡಿವೆ ಅಂತಾರೆ. ಕತ್ತು ನೋಯುವ ತನಕ ನೋಡಿದೆ. ನನಗೆ ಎರಡು ಕಂಡವು, ಗೆಳೆಯರಿಗೆ ಒಂದೂ ಇಲ್ಲ.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಇಬ್ಬರೂ ಸಸ್ಯಾಹಾರಿಗಳು. ಅಲ್ಲಿ ತೊರ್ತೆಲ್ಲೀನಿ ಅಂದರೆ ಒಳಗೆ ಮಾಂಸ, ತೊರ್ತೆಲ್ಲೋನಿ ಅಂದರೆ ಸಾಮಾನ್ಯವಾಗಿ ಒಳಗೆ ರಿಕೋಟಾ ಚೀಸು. ಎರಡೂ ನೋಡಲು ಪುಟ್ಟ ಕಡುಬಿನ ಹಾಗೆ. ಒಂದೇ ಅಕ್ಷರದ ಫರಕು, ಎರಡೆರಡು ಸಲ ಕೇಳಿ ತಗೊಳ್ಳಿ.

ಪಿಯಾತ್ಸಾ ಮಜೋರೆ ಊರಿನ ದೊಡ್ಡ ಚೌಕ. ಅಲ್ಲಿರುವ ಸಾನ್ ಪೆತ್ರೋನಿಯೊ ಚರ್ಚು 1390ರಲ್ಲಿ ಶುರುವಾಗಿದ್ದು, ಮುಂಭಾಗ ಇನ್ನೂ ಮುಗಿದಿಲ್ಲ. ಕೆಳಗರ್ಧ ಬಿಳಿ, ಕೆಂಪು ಕಲ್ಲಿನ ಹೊದಿಕೆ, ಮೇಲರ್ಧ ಬರೀ ಇಟ್ಟಿಗೆ. ಇಟ್ಟಿಗೆ ಸಾಲು ಹಲ್ಲು ಹಲ್ಲಾಗಿ ಹೊರಗೆ ಬಂದಿದೆ, ಮುಂದೆ ಕಲ್ಲು ಕಚ್ಚಿಕೊಳ್ಳಲಿ ಅಂತ ಬಿಟ್ಟದ್ದು. ಅರ್ಧ ಟೈಲ್ಸ್ ಹಾಕಿ ದುಡ್ಡು ಸಾಲದೆ ನಿಲ್ಲಿಸಿದ ಗೋಡೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇಷ್ಟು ಚೆಂದದ್ದು ನೋಡಿರಲಿಲ್ಲ. ಹೊದಿಕೆ ಪೂರ್ತಿಯಾಗಿದ್ದರೆ ಇಷ್ಟು ಹೊತ್ತು ನಿಲ್ಲುತ್ತಿರಲಿಲ್ಲವೇನೋ.

ಒಳಗೆ ನೆಲದಲ್ಲಿ ಸುಮಾರು 67 ಮೀಟರ್ ಉದ್ದದ ಒಂದು ಗೆರೆ ಇದೆ. ಖಗೋಳ ವಿಜ್ಞಾನಿ ಕಸ್ಸೀನಿ 1655ರಲ್ಲಿ ಹಾಕಿಸಿದ್ದು. ಸುಮಾರು 27 ಮೀಟರ್ ಮೇಲೆ, ಚಾವಣಿಯಲ್ಲಿ ಒಂದು ಸಣ್ಣ ತೂತು. ಸೂರ್ಯ ನೆತ್ತಿಗೆ ಬಂದ ಹೊತ್ತಿಗೆ ಬೆಳಕಿನ ಬಿಲ್ಲೆ ಈ ಗೆರೆ ದಾಟುತ್ತದೆ. ನಮ್ಮ ಗಡಿಯಾರದಲ್ಲಿ ಅದು 12 ಗಂಟೆ ಅಲ್ಲ, 1 ದಾಟಿದ ಮೇಲೆ. ಅಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರಲ್ಲ. ಗೊತ್ತಿಲ್ಲದೆ 12ಕ್ಕೇ ಹೋಗಿ ಕಾದೆವು. ಕೊನೆಗೂ ಬಿಲ್ಲೆ ಬಂತು. ಒಂದು ಕಡೆ ಎಳೆದ ಜೋಳದ ರೊಟ್ಟಿಯ ಆಕಾರ, ಅಂಚು ಸ್ವಲ್ಪ ನಡುಗುತ್ತಿತ್ತು. ಅದು ಸರಿಯುವುದು ಬರಿಗಣ್ಣಿಗೆ ಕಾಣುತ್ತದೆ. ಗೆರೆ ಮುಟ್ಟಿ ದಾಟಲು ಎರಡು ನಿಮಿಷದ ಆಸುಪಾಸು. ಗೆಳೆಯರು ಬಗ್ಗಿ ಅಂಗೈ ಚಾಚಿ ಬೆಳಕು ಹಿಡಿದರು.

ಚೌಕದ ಪಕ್ಕದ ಪಲಾತ್ಸೊ ದೆಲ್ ಪೊದೆಸ್ತಾ ಕೆಳಗೆ ಕಮಾನಿನ ಚಾವಣಿ ಇದೆ. ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರು ಮೂಲೆಯವರಿಗೆ ಕೇಳುತ್ತದೆ. ದನಿ ಕಮಾನು ಹಿಡಿದು ಹೋಗುತ್ತದೆ. ನಾನು ಗೋಡೆಗೆ ಕಿವಿಯಿಟ್ಟು ನಿಂತೆ. ಕಲ್ಲಿನೊಳಗಿಂದ ಬಂತು: "ಊಟ ಆತೇನ್ರೀ?"

ಕೊನೆಯ ದಿನಕ್ಕೆ ಸಾನ್ ಲೂಕಾ ಇಟ್ಟುಕೊಂಡಿದ್ದೆವು. ಗುಡ್ಡದ ಮೇಲಿನ ಮೇರಿ ಮಾತೆಯ ಚರ್ಚಿಗೆ ಊರಿನ ಸರಗೋತ್ಸಾ ಬಾಗಿಲಿನಿಂದ ಸುಮಾರು 3.8 ಕಿಲೋಮೀಟರ್ ಒಂದೇ ಪೋರ್ಟಿಕೋ, 666 ಕಮಾನು. 1674ರಲ್ಲಿ ಕೆಲಸ ಶುರುವಾಯಿತು. ಪ್ರತಿ ವರ್ಷ ಮಾತೆಯ ಚಿತ್ರವನ್ನು ಮೆರವಣಿಗೆಯಲ್ಲಿ ಊರಿಗೆ ತರುತ್ತಾರೆ, ಜನ ಮಳೆಯಲ್ಲಿ ನೆನೆಯಬಾರದು ಅಂತ ಇಷ್ಟು ಉದ್ದ ಕಟ್ಟಿದ್ದು. ಹೋಗುವ ದಾರಿಯಲ್ಲಿ ವಿಯಾ ಸೆಂತ್ಸಾನೋಮೆ ಅನ್ನುವ ಓಣಿ ಸಿಗುತ್ತದೆ. ಹೆಸರಿನ ಅರ್ಥವೇ ಹೆಸರಿಲ್ಲದ ಬೀದಿ. ಅಲ್ಲಿ ಪೋರ್ಟಿಕೋ ಅಗಲ 95 ಸೆಂಟಿಮೀಟರ್. ಎದುರಿನಿಂದ ಒಬ್ಬರು ಬಂದರೆ ನಾವು ಗೋಡೆಗೆ ಅಂಟಬೇಕು.

ಮೆಲೊಂಚೆಲ್ಲೊ ಕಮಾನಿನ ತನಕ ದಾರಿ ಸಮ. ಆಮೇಲೆ ಏರು. ನಮ್ಮ ಉಸಿರು ಬಿಗಿಯುತ್ತಿದ್ದರೆ ಅಲ್ಲಿನ ಹುಡುಗರು ಪಕ್ಕದಲ್ಲೇ ಓಡಿಕೊಂಡು ಹತ್ತುತ್ತಿದ್ದರು. ಹಿಮ್ಮಡಿ ಪಟ್ಟಿ ಕಿತ್ತುಬಂದು, ಶೂ ಹಿಂಭಾಗ ತುಳಿದು ಚಪ್ಪಲಿ ಮಾಡಿಕೊಂಡು ನಡೆದೆ. ಇಳಿಯುವಾಗ ಮಳೆ ಹಿಡಿಯಿತು. ಜೋರು ಮಳೆ. ಎಡಗಡೆ ಕಮಾನುಗಳಾಚೆ ಗುಡ್ಡ ಕಾಣದ ಹಾಗೆ ಸುರಿಯುತ್ತಿತ್ತು, ಕಾಲಡಿಯ ನೆಲ ಒಣಗಿಯೇ ಇತ್ತು. ಚರ್ಚಿನ ಬಾಗಿಲಿನಿಂದ ಊರ ಬಾಗಿಲಿನ ತನಕ ಹಾಗೇ ಬಂದೆವು. ಛತ್ರಿ ದಾವಣಗೆರೆಗೆ ಬೆಲೆ ಚೀಟಿ ಸಮೇತ ವಾಪಸ್ ಬಂತು.